ಬಿಳಿ ಅಕ್ಕಿಯ ಕ್ಯಾಸೆಟ್ಟು

ಮದುವೆಯ ಹಂಗಾಮಿನಲ್ಲಿ ವಿಡಿಯೋ ಕಾಕಾರ ಅಂಗಾಲುಗಳು ಹಳದಿಯಾಗಿರುತ್ತಿದ್ದವು. ಚಪ್ಪಲಿ ಸದ್ದು ಮಾಡುತ್ತದೆಂದು ಅವರು ಅದನ್ನು ಹಂದರದ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು. ದಿನವಿಡೀ ಅರಿಶಿನದ ನೀರು, ಕುಂಕುಮ, ಅಕ್ಕಿಕಾಳು ತುಳಿದು ತುಳಿದು ಹಿಮ್ಮಡಿಯ ಬಿರುಕುಗಳಲ್ಲೆಲ್ಲ ಬಣ್ಣ ಇಳಿದಿರುತ್ತಿತ್ತು. ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಎಡಗಣ್ಣು ಮುಚ್ಚಿದ ಅಭ್ಯಾಸ ಅದು; ಚಹಾ ಕುಡಿಯುವಾಗಲೂ ಬಿಡುತ್ತಿರಲಿಲ್ಲ. ಗುರುತಿಲ್ಲದವರಿಗೆ ಈ ಮನುಷ್ಯ ತಮ್ಮನ್ನು ಅನುಮಾನದಿಂದ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

ಅವರು ನಮ್ಮ ಬಳಗದವರಲ್ಲ. ಕರ್ನಾಟಕದ ಗಡಿಗೆ ಹತ್ತಿದ ತೆಲಂಗಾಣದ ಊರು ಮಕ್ತಲ್‌ನಲ್ಲಿ ನಮ್ಮ ಮನೆಯ ಎದುರಿಗೆ ಅವರ ಅಕ್ಕನ ಮನೆ ಇತ್ತು. ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತಿದ್ದ ಅವರನ್ನು ಓಣಿಯ ಮಕ್ಕಳೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಊರು ನಾರಾಯಣಪೇಟೆ. ಹತ್ತು ವರ್ಷ ಹೈದರಾಬಾದಿನಲ್ಲಿ ಮದುವೆಯ ವಿಡಿಯೋ ತೆಗೆದು, ಅಪ್ಪನಿಗೆ ಲಕ್ವ ಹೊಡೆದ ಮೇಲೆ ಊರಿಗೆ ಮರಳಿ, ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಸ್ಟುಡಿಯೋ ಹಾಕಿದ್ದರು. ಹೈದರಾಬಾದಿನಲ್ಲಿ ಅವರು ಕಲಿತು ಬಂದ ವಿದ್ಯೆ ಮಾತ್ರ ನಮ್ಮ ಕಡೆ ಯಾರಿಗೂ ಬೇಕಿರಲಿಲ್ಲ. ಆ ದೊಡ್ಡ ಊರಿನಲ್ಲಿ ಮದುವೆಯನ್ನು ನಡೆದದ್ದು ನಡೆದ ಹಾಗೇ ತೆಗೆಸಿಕೊಳ್ಳುವವರಿದ್ದರಂತೆ. ಯಾರಿಗೂ ನಗು ಎನ್ನುವಂತಿಲ್ಲ, ಇತ್ತ ತಿರುಗು ಎನ್ನುವಂತಿಲ್ಲ, ಆಗಿಹೋದದ್ದನ್ನು ಇನ್ನೊಮ್ಮೆ ಮಾಡಿಸುವಂತಿಲ್ಲ. ಒಮ್ಮೆ ಹಳೇ ಪಟ್ಟಣದ ಗಲ್ಲಿಯೊಂದರಲ್ಲಿ ಮದುಮಗನ ಕುದುರೆ ಬ್ಯಾಂಡಿನ ಸದ್ದಿಗೆ ಬೆದರಿ ನಿಂತುಬಿಟ್ಟಿತಂತೆ. ಮದುಮಗ ಇಳಿದು, ಎದುರಿನ ಇರಾನಿ ಹೋಟೆಲಿಗೆ ಹೋಗಿ, ಬಾಸಿಂಗ ಕಟ್ಟಿಕೊಂಡೇ ಚಹಾ ಕುಡಿದನಂತೆ. ಕಾಕಾ ಆ ಚಹಾವನ್ನು ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ ತೆಗೆದಿದ್ದರು. ಆ ಮನೆಯವರು ಅದನ್ನೇ ಹತ್ತು ಸಲ ಹಾಕಿ ನೋಡಿದರೆಂದು ಹೇಳುವಾಗ ಅವರ ಮುಚ್ಚಿದ ಕಣ್ಣೂ ಅರಳುತ್ತಿತ್ತು.

ನಮ್ಮ ಕಡೆಯವರಿಗೋ ಪರದೆಯ ಮೂಲೆಯಿಂದ ಗುಲಾಬಿ ಹಾರಿ ಬರಬೇಕು, ಹೃದಯದ ಚಿತ್ರದೊಳಗೆ ಮದುಮಕ್ಕಳು ಗಿರಗಿರ ತಿರುಗಬೇಕು, ಹಿಂದೆ ಸಿನಿಮಾ ಹಾಡು ಮೊಳಗಬೇಕು. ಕಾಕಾ ಕಣ್ಣು ಕುಕ್ಕುವ ಲೈಟು ಹಾಕುತ್ತಿರಲಿಲ್ಲ. ಮೈಕಿಗೆ ಗಾಳಿ ಬಡಿಯದಿರಲೆಂದು ಕರಿ ಕಂಬಳಿಯ ತುಂಡು ಸುತ್ತಿ, ಜನರ ನಡುವೆ ಬರಿಗಾಲಲ್ಲಿ ಸುಳಿಯುತ್ತ, ಯಾರಾದರೂ ಸೆರಗು ಸರಿಮಾಡಿಕೊಂಡರೆ ಸಾಕು, "ನಾ ಇಲ್ಲ ಅಂತ ತಿಳ್ಕೊರಿ" ಎನ್ನುತ್ತಿದ್ದರು. ಗುಂಡುಮಾಲ್‌ನ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಯಾರೋ ಬೀಗರು ಅಡ್ಡ ನಿಂತು, ಕ್ಯಾಮೆರಾಕ್ಕೆ ಅವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಮದುಮಗನ ದೊಡ್ಡಪ್ಪ ತಾಳಿ ಬಿಚ್ಚಿ ಇನ್ನೊಮ್ಮೆ ಕಟ್ಟಿಸುತ್ತೇವೆಂದು ಹೊರಟರು. ಕಾಕಾ ಕ್ಯಾಮೆರಾ ಕೆಳಗಿಳಿಸಿ, "ಒಂದ ಸಲ ಕಟ್ಟಿದ್ದು ಆತ್ರಿ. ಬೆನ್ನು ಬಂದೈತಿ ಅಂದ್ರ ಬೆನ್ನ ಐತಿ" ಅಂದರಂತೆ. ಅದಾದ ಮೇಲೆ ಜನ ಅವರಿಗೆ ಬೆನ್ನಿನ ವಿಡಿಯೋದವರು ಎಂದು ಹೆಸರಿಟ್ಟು ನಕ್ಕರು. ನಾವೂ ನಕ್ಕಿದ್ದೆವು, ಸುಳ್ಳು ಯಾಕೆ ಹೇಳಲಿ.

ನನ್ನ ಮದುವೆ ಆದದ್ದು ತೆಲಂಗಾಣ ಹೋರಾಟದ ಕಾವಿನ ದಿನಗಳಲ್ಲಿ. ಗಂಡಿನ ಕಡೆಯವರು ಗದ್ವಾಲ್‌ನವರು, ಒಳ್ಳೆಯ ವ್ಯಾಪಾರಸ್ಥರು. ಹೈದರಾಬಾದಿನಿಂದ ದೊಡ್ಡ ವಿಡಿಯೋ ತಂಡ ಗೊತ್ತು ಮಾಡಿದ್ದರು. ಮದುವೆಯ ಹಿಂದಿನ ದಿನ ಬಂದ್ ಎಂದು ಕೂಗಿದರು. ಬಸ್ಸುಗಳು ಡಿಪೋ ಬಿಟ್ಟು ಹೊರಡಲಿಲ್ಲ, ಹೆದ್ದಾರಿಯಲ್ಲಿ ಟೈರು ಉರಿಯುತ್ತಿದ್ದವು. ಬೀಗರು ಹೇಗೋ ಜೂರಾಲ ಅಣೆಕಟ್ಟಿನ ದಾರಿ ಹಿಡಿದು ಮಕ್ತಲ್ ಮುಟ್ಟಿದರು. ವಿಡಿಯೋದವರು ಬರಲಿಲ್ಲ. ಆಗ ನನ್ನ ಸೋದರಮಾವ ಬೈಕ್ ಹಾಕಿಕೊಂಡು ನಾರಾಯಣಪೇಟೆಗೆ ಹೋಗಿ ಕಾಕಾರನ್ನು ಹಿಂದೆ ಕೂರಿಸಿಕೊಂಡು ಬಂದರು. ಕ್ರೇನ್ ಇಲ್ಲ, ಲೈಟಿಲ್ಲ, ಬರಿಗಾಲಿನ ಒಬ್ಬ ಮನುಷ್ಯ. ನನ್ನ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದ್ದು ನನಗೆ ನೆನಪಿದೆ.

ನನ್ನ ಅವ್ವನ ವಿಷಯ ಇಲ್ಲಿ ಹೇಳಬೇಕು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವ್ವ ಹೊಲಿಗೆ ಮಷಿನ್ ತುಳಿದು ನನ್ನನ್ನು ಓದಿಸಿ, ಟೀಚರ್ ಮಾಡಿದಳು. ಮಕ್ತಲ್‌ನ ಅರ್ಧ ಮದುವಣಗಿತ್ತಿಯರ ಕುಪ್ಪಸ ಹೊಲಿದವಳು ಅವಳೇ. ಆದರೆ ಗಂಡ ಸತ್ತವಳು ಮುಹೂರ್ತದಲ್ಲಿ ಮುಖ ತೋರಿಸುವ ಹಾಗಿಲ್ಲ, ಅರಿಶಿನ ಹಚ್ಚಿದ ಅಕ್ಕಿ ಮುಟ್ಟುವ ಹಾಗಿಲ್ಲ. ಯಾರೂ ಅವಳಿಗೆ ಒಳಗಿರು ಎಂದು ಹೇಳಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ಅವಳು ಉಗ್ರಾಣದ ಕೋಣೆ ಸೇರಿಕೊಂಡಿದ್ದಳು. ಮಣೆಯ ಮೇಲೆ ಕೂತಿದ್ದ ನಾನು ಒಮ್ಮೆ ಆ ಬಾಗಿಲ ಕಡೆ ನೋಡಿದೆ, ಜೀರಿಗೆ ಬೆಲ್ಲ ತಲೆಯ ಮೇಲೆ ಇಟ್ಟಾಗ ಕಣ್ಣು ತಗ್ಗಿಸಿದೆ. ಆಮೇಲೆ ಗಟ್ಟಿಮೇಳ, ಅಕ್ಕಿಕಾಳಿನ ಮಳೆ, ನನಗೇನೂ ಕಾಣಲಿಲ್ಲ.

ತಿಂಗಳಾದ ಮೇಲೆ ಡಿವಿಡಿ ಗದ್ವಾಲ್‌ಗೆ ಬಂತು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅತ್ತೆ, ನಾದಿನಿ, ಅಕ್ಕಪಕ್ಕದ ಹೆಂಗಸರು, ನನ್ನ ಗಂಡ, ನಾನು, ಎಲ್ಲರೂ ಟಿವಿಯ ಮುಂದೆ ಕೂತೆವು. ಲೈಟಿಲ್ಲ, ಗುಲಾಬಿ ಇಲ್ಲ ಎಂದು ಮೊದಲು ಒಂದಿಷ್ಟು ಗೊಣಗಾಟ ನಡೆಯಿತು. ನಂತರ ಅಡುಗೆಯವರು ಜಗಳಾಡುವುದು, ಸೋದರಮಾವ ಒಬ್ಬರೇ ಕೂತು ಕಣ್ಣೊರೆಸಿಕೊಳ್ಳುವುದು, ನನ್ನ ಗಂಡ ಬಾಸಿಂಗದ ದಾರ ಕಿತ್ತುಹೋಗಿ ಕಂಗಾಲಾಗುವುದು ಬಂದಾಗ ಎಲ್ಲರೂ ನಕ್ಕರು. ತಾಳಿ ಬಂತು. ನನ್ನ ಗಂಡನ ಬೆರಳು ಮೂರನೆಯ ಗಂಟು ಹಾಕುತ್ತಿದ್ದಂತೆ ಚಿತ್ರ ಬದಲಾಗಿ ಉಗ್ರಾಣದ ಬಾಗಿಲು ಬಂತು. ಬಾಗಿಲ ಸಂದಿಯಲ್ಲಿ ಅವ್ವ ನಿಂತಿದ್ದಳು. ಹಿಂದೆ ಅಡುಗೆಗೆ ತಂದ ಅಕ್ಕಿಯ ಚೀಲ ಬಾಯಿ ತೆರೆದಿತ್ತು. ಅವಳ ಮುಷ್ಟಿಯಲ್ಲಿ ಅಕ್ಕಿ. ಅವಳು ಕೈ ಎತ್ತಿ, ಅಷ್ಟು ದೂರದ ನನ್ನ ಕಡೆಗೆ ಅದನ್ನು ಎರಚಿದಳು. ಕಾಳುಗಳು ಹೊಸ್ತಿಲ ಈಚೆ ನೆಲಕ್ಕೆ ಬಿದ್ದವು. ತುಟಿಯಲ್ಲಿ ಏನೋ ಹೇಳಿಕೊಂಡಳು, ಸೆರಗಿನಿಂದ ಬಾಯಿ ಮುಚ್ಚಿದಳು.

ಯಾರೋ ಟಿವಿ ಆರಿಸಿದರು. ಅತ್ತೆ ಎದ್ದು ನಿಂತಿದ್ದರು.

"ತೆಲ್ಲ ಬಿಯ್ಯಮಾ!" ಅಂದರು. ಆಮೇಲೆ ನನಗೆ ತಿಳಿಯಲೆಂದು ಕನ್ನಡದಲ್ಲಿ, "ಬಿಳಿ ಅಕ್ಕಿ. ನನ್ನ ಮಗ ತಾಳಿ ಕಟ್ಟೋ ಹೊತ್ತಿಗಿ ನಿಮ್ಮವ್ವ ಬಿಳಿ ಅಕ್ಕಿ ಹಾಕ್ಯಾಳ."

ನಮ್ಮ ಕಡೆ ಅರಿಶಿನವಿಲ್ಲದ ಅಕ್ಕಿಯನ್ನು ಹಾಕುವುದು ಸತ್ತವರ ಬಾಯಿಗೆ. ಅತ್ತೆ ಕೆಟ್ಟವರಲ್ಲ; ಇದನ್ನು ಅವರ ಪರವಾಗಿ ಹೇಳಲೇಬೇಕು. ಅವರ ಹಿರಿಯ ಅಳಿಯ ಮದುವೆಯಾದ ವರ್ಷದೊಳಗೇ ಹೋಗಿಬಿಟ್ಟಿದ್ದ. ಆ ಮಗಳು, ನನ್ನ ನಾದಿನಿ, ಅದೇ ಕೋಣೆಯ ಗೋಡೆಗೆ ಒರಗಿ ಕೂತಿದ್ದಳು. ಅತ್ತೆ ಕೂಗಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಆದರೆ ಹೆದರಿದವರ ಮಾತು ಸಿಟ್ಟಿನವರ ಮಾತಿಗಿಂತ ಮೃದುವಾಗಿರುತ್ತದೆ ಎಂದೇನಿಲ್ಲ. ಅಂದು ಅವ್ವನ ಮೇಲೆ ಬಂದ ಮಾತುಗಳನ್ನು ನಾನು ಬರೆಯುವುದಿಲ್ಲ.

ನಾನು ಫೋನ್ ಮಾಡಿದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಕಾಕಾ, ಅವ್ವನ್ನ ತೆಗೀರಿ."

"ಯಾಕವಾ?"

"ತೆಗೀರಿ ಅಷ್ಟ. ತಾಳಿ ಆದ ಮ್ಯಾಲ ಆಕಿ ಬರಬಾರದು."

ಕೆಳಗೆ ಸೀರೆ ಅಂಗಡಿಯವರು ಗಿರಾಕಿ ಕರೆಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ನೀನ ಹೇಳಾಕತ್ತೀಯೇನವಾ, ಇಲ್ಲಾ ಅವರು ಹೇಳಸಾಕತ್ತಾರ?"

"ನಾನ ಹೇಳಾಕತ್ತೀನಿ" ಅಂದೆ.

ಇಪ್ಪತ್ತಮೂರು ವರ್ಷದವಳು, ಹೊಸ ಸೊಸೆ, ಏನು ಮಾಡಲಾಗುತ್ತಿತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡದ್ದು ಎಷ್ಟು ಸಲವೋ. ಒಮ್ಮೆಯೂ ಸಮಾಧಾನವಾಗಿಲ್ಲ. ಅವರು ಹೇಳಿಸುತ್ತಿದ್ದಾರೆ ಎಂದು ನಾನು ಹೇಳಬಹುದಿತ್ತು. ಏನೂ ಹೇಳದೆ ಫೋನ್ ಇಡಬಹುದಿತ್ತು. ನಾನೇ ಹೇಳುತ್ತಿದ್ದೇನೆ ಎಂದೆ.

"ತೆಗೀತೀನಿ" ಅಂದರು ಕಾಕಾ. "ಆದ್ರ ಅಳಸಂಗಿಲ್ಲ."

ಹೊಸ ಡಿವಿಡಿ ವಾರದೊಳಗೆ ಬಂತು. ತಾಳಿಯ ಮೂರನೆಯ ಗಂಟು ಬಿದ್ದ ಮೇಲೆ ಪರದೆ ಕಪ್ಪಾಗುತ್ತದೆ. ಸದ್ದಿಲ್ಲ, ಚಿತ್ರವಿಲ್ಲ. ಹನ್ನೊಂದು ಸೆಕೆಂಡು, ನಾನು ಎಣಿಸಿದ್ದೇನೆ. ಆಮೇಲೆ ಗಟ್ಟಿಮೇಳ ಮುಂದುವರಿಯುತ್ತದೆ. ಅಲ್ಲಿ ಒಂದು ಗುಲಾಬಿ ಹಾರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹಾರಿಸಲಿಲ್ಲ. ಮನೆಯವರು ಡಿವಿಡಿಯಲ್ಲೇ ಏನೋ ದೋಷವಿದೆ ಎಂದುಕೊಂಡರು. ನಾನು ಮಾತ್ರ ಆ ಕಪ್ಪು ಬಂದಾಗಲೆಲ್ಲ ನೀರು ತರುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಮೊದಲ ಬಸುರಿನಲ್ಲಿ ನನಗೆ ಕುಬಸದ ಶಾಸ್ತ್ರ ಮಾಡಿದಾಗ, ತವರಿನಿಂದ ಸೋದರತ್ತೆ ಬಂದರೆ ಸಾಕು ಎಂದು ಅತ್ತೆ ಹೇಳಿ ಕಳಿಸಿದರು. ಅವ್ವ ಬರಲಿಲ್ಲ. ತಾನೇ ಹೊಲಿದ ಹಸಿರು ಕುಬಸವನ್ನು ಸೋದರತ್ತೆಯ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಅಳತೆ ಒಂದಿಷ್ಟೂ ತಪ್ಪಿರಲಿಲ್ಲ. ಬಸುರಿಯ ಮೈ ಎಷ್ಟು ತುಂಬಿರಬಹುದೆಂದು ನೋಡದೆಯೇ ಲೆಕ್ಕ ಹಾಕಿದ್ದಳು.

ಕಾಕಾರಿಗೆ ಬಿದ್ದ ಪೆಟ್ಟು ಬೇರೆ. ಮುಹೂರ್ತದಲ್ಲಿ ಗಂಡ ಸತ್ತವರ ಮುಖ ತೋರಿಸುವ ವಿಡಿಯೋದವರೆಂದು ಗದ್ವಾಲ್‌ನಿಂದ ಮಕ್ತಲ್‌ವರೆಗೆ ಸುದ್ದಿ ಹಬ್ಬಿತು. ಬೀಗರ ಪೈಕಿ ಯಾರೋ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರೆ ಅದನ್ನೂ ಆ ಬಿಳಿ ಅಕ್ಕಿಗೆ ಹೊಂದಿಸಿದರು. ಮದುವೆಗಳು ಒಂದೊಂದಾಗಿ ಅವರ ಕೈ ತಪ್ಪಿದವು. ಹೆಂಗಸರು ಕೂಡಿದಲ್ಲಿ ಅವರ ಮಾತು ಬಂದಾಗ ನಾನು ಅಲ್ಲೇ ಇರುತ್ತಿದ್ದೆ, ಅವಲಕ್ಕಿ ಹಂಚುತ್ತಲೋ ಮಗಳಿಗೆ ತಲೆ ಬಾಚುತ್ತಲೋ. ಒಂದು ದಿನವೂ ಬಾಯಿ ಬಿಡಲಿಲ್ಲ.

ತೆಲಂಗಾಣ ರಾಜ್ಯ ಬಂತು. ಊರೂರಲ್ಲಿ ಗುಲಾಲು ಹಾರಿತು. ಕೃಷ್ಣಾ ಎಂಬ ಊರಿನಲ್ಲಿ ನಾನು ಕಲಿಸುತ್ತಿದ್ದ ಕನ್ನಡ ಶಾಲೆಯಲ್ಲೂ ಆ ಸಂಭ್ರಮಕ್ಕೆ ಮಕ್ಕಳ ಕುಣಿತ ಇಟ್ಟುಕೊಂಡಿದ್ದೆವು. ವಿಡಿಯೋ ತೆಗೆಯಲು ಹೆಡ್‌ಮಾಸ್ತರರು ಕರೆಸಿದ್ದು ಕಾಕಾರನ್ನೇ. ಈಗ ಅವರ ಪಾಲಿಗೆ ಉಳಿದಿದ್ದು ಶಾಲೆಯ ಗ್ಯಾದರಿಂಗು, ಸಿಮೆಂಟ್ ಅಂಗಡಿಯ ಪೂಜೆ, ಇಂಥವೇ. ಬಲಗಾಲಿಗೆ ಬಟ್ಟೆ ಸುತ್ತಿದ್ದರು. ಯಾವುದೋ ಹಂದರದಲ್ಲಿ ಮೊಳೆ ತುಳಿದದ್ದು, ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯುತ್ತಿರಲಿಲ್ಲ. ನಾನು ಕಂಬದ ಹಿಂದೆ ಸರಿಯಲು ನೋಡಿದೆ. ಅವರೇ ಬಂದರು.

"ಅವ್ವ ಹ್ಯಾಂಗದಾಳವಾ?"

"ಅರಾಮ ಅದಾಳ ಕಾಕಾ."

"ಭೇಷಾತು." ಮಕ್ಕಳ ಕಡೆ ನೋಡುತ್ತ ಕಂಬಳಿ ಸುತ್ತಿದ ಮೈಕನ್ನು ಸರಿಮಾಡಿಕೊಂಡರು. "ರಾಜ್ಯ ಹೊಸಾದು ಬಂತು. ಮದುವಿ ಮಾತ್ರ ಹಳೇವ ಅದಾವ ನೋಡು."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಯಲಿಲ್ಲ.

ಎರಡು ವರ್ಷದ ನಂತರ ಅವ್ವ ಹೋದಳು. ಜ್ವರ ಎಂದು ಮಲಗಿದವಳು ಏಳಲಿಲ್ಲ. ದಿನಗಳೆಲ್ಲ ಮುಗಿದ ಮೇಲೆ ಅವಳ ಫೋಟೋ ಹುಡುಕಿದರೆ ರೇಷನ್ ಕಾರ್ಡಿನ ಮಸುಕು ಚಿತ್ರ ಬಿಟ್ಟು ಬೇರೇನೂ ಸಿಗಲಿಲ್ಲ. ಊರಿನ ಹೆಣ್ಣುಮಕ್ಕಳನ್ನೆಲ್ಲ ಸಿಂಗರಿಸಿದವಳ ಒಂದು ಫೋಟೋ ಇಲ್ಲ. ನಾನು ನಾರಾಯಣಪೇಟೆಯ ಬಸ್ಸು ಹತ್ತಿದೆ.

ಕಾಕಾ ಸ್ಟುಡಿಯೋದಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದಿದ್ದರು. ನಾನು ಬಂದ ಕಾರಣ ಕೇಳಲಿಲ್ಲ. ಕಬ್ಬಿಣದ ಕಪಾಟಿನ ಕಡೆ ಕೈ ತೋರಿಸಿ, "ಎರಡನೇ ಸಾಲಿನ್ಯಾಗ ಐತಿ" ಅಂದರು. ಸಣ್ಣ ಸಣ್ಣ ಕ್ಯಾಸೆಟ್ಟುಗಳು. ಮೇಲೆ ಮದುಮಕ್ಕಳ ಹೆಸರಿಲ್ಲ, ತಾರೀಖಿಲ್ಲ. ಕಾಕಾ ತಮಗೆ ನೆನಪುಳಿದದ್ದನ್ನೇ ಬರೆದಿದ್ದರು: 'ಬೆನ್ನು', 'ಕುದುರಿ ಚಹಾ', 'ಅಳೋ ತಮ್ಮ'. ಒಂದರ ಮೇಲೆ 'ಅಕ್ಕ, ಬಿಳಿ ಅಕ್ಕಿ' ಎಂದಿತ್ತು.

ಹಳೆಯ ಕ್ಯಾಮೆರಾದೊಳಗೆ ಅದನ್ನು ಹಾಕಿ ಅಂಗೈಯಗಲದ ಪರದೆ ತಿರುಗಿಸಿ ಕೊಟ್ಟರು. ಅದೇ ಬಾಗಿಲು, ಅದೇ ಚೀಲ. ಆದರೆ ಇದು ಹನ್ನೊಂದು ಸೆಕೆಂಡಿಗಿಂತ ಉದ್ದವಾಗಿತ್ತು. ಅವ್ವ ಅಕ್ಕಿ ಹಿಡಿದು ನಿಂತೇ ಇದ್ದಾಳೆ. ಕೈ ಎತ್ತುತ್ತಾಳೆ, ಇಳಿಸುತ್ತಾಳೆ. ಮುಷ್ಟಿ ತೆರೆದು ನೋಡಿಕೊಂಡು, ಮತ್ತೆ ಚೀಲದೊಳಕ್ಕೆ ಸುರಿಯಲು ತಿರುಗುತ್ತಾಳೆ. ಆಗ ಕ್ಯಾಮೆರಾದ ತೀರ ಹತ್ತಿರದಿಂದ ಒಂದು ದನಿ ಕೇಳುತ್ತದೆ.

"ಹಾಕ್ರಿ ಅಕ್ಕಾ."

ಅವ್ವ ಬೆಚ್ಚಿ ಈ ಕಡೆ ನೋಡುತ್ತಾಳೆ. "ಅರಿಶಿಣ ಇಲ್ಲೋ ತಮ್ಮಾ" ಅನ್ನುತ್ತಾಳೆ.

"ಇಲ್ದಿದ್ರ ಏನಾತು. ನಿಮ್ಮ ಮಗಳಿಗಿ ನೀವು ಹಾಕಾಕ ಯಾರನ್ನ ಕೇಳಬೇಕು? ಹಾಕ್ರಿ."

ಆಮೇಲೆ ಅವಳು ಹಾಕುತ್ತಾಳೆ.

ನಾನು ಮೂರು ಸಲ ನೋಡಿದೆ. ಯಾರಿಗೂ ಏನನ್ನೂ ಮಾಡು ಎನ್ನದ ಮನುಷ್ಯ, ಬೆನ್ನು ಬಂದರೆ ಬೆನ್ನೇ ಇರಲಿ ಎಂದ ಮನುಷ್ಯ! ತಲೆಯೆತ್ತಿದಾಗ ಕಾಕಾ ನೆಲ ನೋಡುತ್ತಿದ್ದರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

"ಅದು ನನ್ನ ತಪ್ಪವಾ. ನಾ ಮಾತಾಡಬಾರದಿತ್ತು. ಇಷ್ಟು ವರ್ಷದಾಗ ಅದೊಂದ ಸಲ."

ನನಗೆ ಅಳು ಬರುವ ಬದಲು ಸಿಟ್ಟು ಬಂತು. ಮನೆಯಲ್ಲಿ ಅವ್ವ ಬೇಕೆಂದೇ ಹಾಕಿದಳು ಎಂದು ಆಡಿಕೊಂಡರು, ಕುಬಸಕ್ಕೆ ಕರೆಯಲಿಲ್ಲ, ಆಕೆಯೂ ಬಾಯಿ ಬಿಡಲಿಲ್ಲ. ಹಾಕೆಂದು ಹೇಳಿದವನು ನಾನೇ ಎಂದು ನೀವು ಒಂದು ಮಾತು ಅಂದಿದ್ದರೆ ಆ ಬೈಗುಳ ನಿಮ್ಮ ಮೇಲೆ ಬರುತ್ತಿತ್ತು, ಅವಳಿಗೆ ತಪ್ಪುತ್ತಿತ್ತು ಎಂದು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹೇಳಬೇಕಂತ ಫೋನ್ ಹಿಡಿದಿದ್ದೆವಾ. ಆದ್ರ ಹೇಳಿದ್ರ, ಆಕಿ ತಾನಾಗಿ ಹಾಕಿಲ್ಲ, ಯಾರೋ ಹಾಕಿಸಿದ್ರು ಅಂತ ಆಗ್ತಿತ್ತು. ಆಕಿ ಕೈಯಾಗ ಅಕ್ಕಿ ನಾ ಇಟ್ಟಿಲ್ಲ. ಆಕೀನ ತಗೊಂಡಿದ್ಳು. ಅದಷ್ಟು ಆಕೀದ ಇರಲಿ ಅಂದೆ."

ಅವರು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವನ ಬದುಕಿನ ಕೊನೆಯ ವರ್ಷಗಳು ಆ ಒಂದು ಮಾತಿನಿಂದ ಹಗುರಾಗುತ್ತಿದ್ದವೇನೋ. ಆದರೆ ಅದನ್ನು ಕೇಳಲು ನನಗೆ ಯಾವ ಮುಖವಿತ್ತು? ಕೊನೆಗೆ ಹೇಳಿಬಿಟ್ಟೆ: "ಕಾಕಾ, ಅವತ್ತು ಫೋನಿನ್ಯಾಗ ನಾನ ಹೇಳಾಕತ್ತೀನಿ ಅಂದಿದ್ದೆ. ಸುಳ್ಳು ಹೇಳಿದ್ದೆ."

"ಗೊತ್ತಿತ್ತು. ನಿನ್ನ ಬಾಜೂಕ ಯಾರೋ ಉಸಿರು ಬಿಡಾಕತ್ತಿದ್ರು." ಕಿವಿ ಮುಟ್ಟಿಕೊಂಡು ನಕ್ಕರು. "ಈ ಕಿವಿಗಿ ಅದ ಕೆಲಸ ಅಲ್ಲೇನು."

ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. ಮುಂದಿನ ವರ್ಷ ಅವರ ಪಾದ ತೆಗೆದರು, ಆಮೇಲೆ ಮೊಣಕಾಲವರೆಗೆ. ಶ್ರಾವಣ ಕಳೆಯುವುದರೊಳಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಉಳಿದಿದ್ದ ಒಂದು ಕಾಲಿನ ಹಿಮ್ಮಡಿ ಬೆಳ್ಳಗೆ, ಸ್ವಚ್ಛವಾಗಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಕಳೆದ ವೈಶಾಖದಲ್ಲಿ ಅವರ ಮಗಳ ಮದುವೆ ನಾರಾಯಣಪೇಟೆಯಲ್ಲೇ ಆಯಿತು. ಕಲ್ಯಾಣ ಮಂಟಪದ ತುಂಬ ಬೆಳಕು. ಗಂಡಿನ ಕಡೆಯ ವಿಡಿಯೋದವರು ನಾಲ್ಕು ಜನ. ಒಂದು ಡ್ರೋನ್ ತಲೆಯ ಮೇಲೆ ಜೇನುಹುಳುವಿನಂತೆ ಗುಂಯ್‌ಗುಡುತ್ತಿತ್ತು. ಮದುಮಗಳನ್ನು ಎಡಕ್ಕೆ ತಿರುಗಮ್ಮಾ, ಇನ್ನೊಮ್ಮೆ ನಗಮ್ಮಾ ಎನ್ನುತ್ತಿದ್ದರು. ನಾನು ಕಾಕಾರ ಹೆಂಡತಿ, ನಮ್ಮ ಕಾಕಿಯನ್ನು ಹುಡುಕಿದೆ. ಎಲ್ಲಿರುತ್ತಾಳೆಂದು ಗೊತ್ತಿರದ ಸಂಗತಿಯೇನಲ್ಲ. ಹಿಂದಿನ ಉಗ್ರಾಣದಲ್ಲಿ, ಅರ್ಧ ತೆರೆದ ಬಾಗಿಲ ಮರೆಯಲ್ಲಿ, ಸೀರೆಯ ಸೆರಗು ಹೊದ್ದು ನಿಂತಿದ್ದಳು.

ಅಕ್ಕಿಕಾಳು ಹಂಚುತ್ತಿದ್ದವರ ಕೈಯಿಂದ ತಟ್ಟೆಯನ್ನೇ ತೆಗೆದುಕೊಂಡು ಅವಳ ಹತ್ತಿರ ಹೋದೆ. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಬ್ಯಾಡವಾ, ಅರಿಶಿಣದ್ದು ಅದು."

"ಹಾಕ್ರಿ ಕಾಕೀ."

"ಮಂದಿ ನೋಡ್ತಾರ."

"ನಿಮ್ಮ ಮಗಳಿಗಿ ನೀವು ಹಾಕಾಕ ಯಾರನ್ನ ಕೇಳಬೇಕು?" ಅಂದೆ. ಹತ್ತು ವರ್ಷ ತಡವಾಗಿ ಬಂದ ಮಾತು, ಅದೂ ನನ್ನದಲ್ಲ. ಹಿಂದಿದ್ದ ಇಬ್ಬರು ಹೆಂಗಸರು ಏನೋ ಅಂದರು. ತಿರುಗಿ ಅವರನ್ನು ನೋಡಿದೆ; ಅವರು ವೇದಿಕೆಯ ಕಡೆ ಮುಖ ಮಾಡಿದರು.

ಕಾಕಿ ಹೊಸ್ತಿಲು ದಾಟಿ ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಅದಕ್ಕೆ ನಾನೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಪಕ್ಕ ನಿಂತೆ. ಗಟ್ಟಿಮೇಳ ಎದ್ದಿತು. ಅವಳು ತಟ್ಟೆಯಿಂದ ಒಂದು ಹಿಡಿ ತೆಗೆದುಕೊಂಡು, ಕಣ್ಣು ಮುಚ್ಚಿ, ಮಗಳ ಕಡೆಗೆ ಎರಚಿದಳು. ಕಾಳುಗಳು ಹೊಸ್ತಿಲ ಆಚೆ ನಾಲ್ಕು ಹೆಜ್ಜೆ ದೂರ ಬಿದ್ದವು. ಅಲ್ಲಿ ಕ್ಯಾಮೆರಾ ಇರಲಿಲ್ಲ. ನಾಲ್ಕೂ ಜನ ವೇದಿಕೆಯ ಮೇಲೆ ಇದ್ದರು. ತಾಳಿ ಸರಿಯಾಗಿ ಬಂದಿಲ್ಲವೆಂದು ಮದುಮಗನಿಗೆ ಇನ್ನೊಮ್ಮೆ ಕೈ ಎತ್ತಿಸುತ್ತಿದ್ದರು.